ಎಂಟು ದಿನಗಳ ಮೌನಕ್ಕೆ ಹದಿನೈದು ದಿನಗಳ ಸಿದ್ಧತೆ

ಮುಂಬಯಿಯ ನಮ್ಮ ಧರ್ಮಕೇಂದ್ರದಿಂದ ದೀರ್ಘ ಧ್ಯಾನಕೂಟಕ್ಕೆ, ಅಂದರೆ ಎಲ್ಲರೂ ರಿಟ್ರೀಟ್ ಎನ್ನುವ ಏಕಾಂತ ಪ್ರಾರ್ಥನೆಗೆ, ಹೊರಡುವವರನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಎಂಟು ದಿನಗಳಿಗೆಂದು ಹೋಗಿ ಮೂರನೆಯ ದಿನವೇ ಮರಳಿದವರು ಅವರಲ್ಲಿ ಕಡಿಮೆಯಿಲ್ಲ. ಅಂಥವರೆಲ್ಲ ಭಕ್ತಿವಂತರೇ ಆಗಿದ್ದರು. ಆದರೆ ಹೊರಡುವ ಹಿಂದಿನ ರಾತ್ರಿಯವರೆಗೂ ಕಚೇರಿಯ ಕೆಲಸ ಮುಗಿಸುತ್ತ ಕುಳಿತು, ಮೌನವನ್ನು ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಎಂದುಕೊಂಡಿದ್ದರು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಮೊದಲು ಸ್ಥಳವನ್ನು ನಿಶ್ಚಯಿಸಬೇಕು. ಸನ್ಯಾಸಿಗಳ ಮಠಕ್ಕೂ ಧ್ಯಾನಕೇಂದ್ರಕ್ಕೂ ವ್ಯತ್ಯಾಸವಿದೆ. ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟರು ಸನ್ಯಾಸಿಗಳಿಗಾಗಿ ಬರೆದ ನಿಯಮದ 53ನೆಯ ಅಧ್ಯಾಯ ಹೇಳುತ್ತದೆ. ಅಂಥ ಮಠದಲ್ಲಿ ನೀವು ಸನ್ಯಾಸಿಗಳ ಪ್ರಾರ್ಥನೆಯ ಗಳಿಗೆಗಳಿಗೆ ಹೊಂದಿಕೊಂಡು ಕೀರ್ತನೆಗಳನ್ನು ಕೇಳುತ್ತ ಇರುತ್ತೀರಿ. ಮುಂಬಯಿಯ ಬಾಂದ್ರಾದಲ್ಲಿ ಮತ್ತು ಗೋವಾದ ಬಾಗಾ ಗುಡ್ಡದ ಮೇಲೆ ಇರುವ ಯೇಸುಸಭೆಯ, ಅಂದರೆ ಜೆಸ್ವಿಟ್ ಗುರುಗಳ, ಧ್ಯಾನಕೇಂದ್ರಗಳಂಥ ಕಡೆಗಳಲ್ಲಿ ಮುಖ್ಯವಾಗಿ ಸಿಗುವುದು ಮಾರ್ಗದರ್ಶನ. ಮೊದಲ ಬಾರಿ ಹೋಗುವವರು ಮಾರ್ಗದರ್ಶಕರಿರುವ ಕಡೆಗೇ ಹೋಗಬೇಕು. ಬಾಂದ್ರಾ ಆದರೆ ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಒಂದು ವಾರ ನಡೆಯುವ ಮೌಂಟ್ ಮೇರಿ ಜಾತ್ರೆಯ ದಿನಗಳನ್ನು ಬಿಟ್ಟುಬಿಡಿ. ಬಾಗಾ ಆದರೆ ಡಿಸೆಂಬರ್ ಕೊನೆಯ ವಾರ ಬೇಡ, ಏಕೆಂದರೆ ಆಗ ಕೆಳಗಿನ ಕಡಲತೀರ ರಾತ್ರಿಯಿಡೀ ಎಚ್ಚರವಾಗಿರುತ್ತದೆ. ನನ್ನನ್ನು ಕೇಳಿದರೆ ಗೋವಾಕ್ಕೆ ಮಳೆಗಾಲದಲ್ಲೇ ಹೋಗಬೇಕು.

ಅವಧಿಯ ವಿಷಯದಲ್ಲಿ ಅವಸರ ಸಲ್ಲದು. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರು 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಅನುಭವಿಸಿ, ಅನಂತರ ರೂಪಿಸಿದ ಆಧ್ಯಾತ್ಮಿಕ ಸಾಧನೆಯ ಪೂರ್ಣರೂಪಕ್ಕೆ ಸುಮಾರು 30 ದಿನ ಬೇಕು. ಪಾಪ ಮತ್ತು ಕರುಣೆ, ಯೇಸುವಿನ ಜೀವನ, ಅವರ ಯಾತನೆ, ಪುನರುತ್ಥಾನ ಎಂಬ ನಾಲ್ಕು 'ವಾರ'ಗಳು ಅದರಲ್ಲಿವೆ. ಮೂರು ದಿನದ ಮೌನವನ್ನೂ ಕಂಡಿರದವರು ನೇರವಾಗಿ 30 ದಿನಕ್ಕೆ ಹೆಸರು ಕೊಡಬಾರದು. ಮೊದಲು ಮೂರು, ಆಮೇಲೆ ಎಂಟು. ರಜೆಯೇ ಸಿಗದವರು ನಿರಾಶರಾಗಬೇಕಿಲ್ಲ. ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು, ಮನೆಯಲ್ಲಿದ್ದುಕೊಂಡೇ ಅದೇ ಸಾಧನೆಯನ್ನು ತಿಂಗಳುಗಟ್ಟಲೆ ಮಾಡುವ ದಾರಿಯನ್ನೂ ಇಗ್ನೇಷಿಯಸರು ಆ ಸಾಧನೆಗೆ ಬರೆದ 19ನೆಯ ಸೂಚನೆಯಲ್ಲಿ ತೋರಿಸಿದ್ದಾರೆ.

ಮಾರ್ಗದರ್ಶಕರಿಗೆ ಒಂದು ಪುಟದ ಪತ್ರ ಬರೆಯಿರಿ. ನಿಮ್ಮ ಪ್ರಾರ್ಥನೆಯ ರೂಢಿ, ಈಗ ಹೋಗಬೇಕೆನಿಸಿದ ಕಾರಣ, ಆರೋಗ್ಯ, ಇಷ್ಟು ಸಾಕು. ಖಿನ್ನತೆಗೋ ಆತಂಕಕ್ಕೋ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ದೇವರ ಸನ್ನಿಧಿಗೆ ಹೋಗುತ್ತಿದ್ದೇನೆಂದು ಮಾತ್ರೆ ನಿಲ್ಲಿಸುವುದು ಅಪಾಯಕಾರಿ. ಸಕ್ಕರೆ ಕಾಯಿಲೆ ಇರುವವರು ಊಟದ ಹೊತ್ತನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು, ತಾವಾಗಿಯೇ ಉಪವಾಸಕ್ಕೆ ಇಳಿಯಬಾರದು.

ಇನ್ನು ಎಲ್ಲರೂ ಎಡವುವ ಹಂತ: ಹೊರಡುವ ಮುಂಚಿನ ಹದಿನೈದು ದಿನಗಳು. ಧ್ಯಾನಕೂಟದಲ್ಲಿ ದಿನಕ್ಕೆ ನಾಲ್ಕೈದು ಬಾರಿ, ಪ್ರತಿ ಬಾರಿ ಒಂದು ಗಂಟೆ, ಒಬ್ಬರೇ ಕುಳಿತು ಪ್ರಾರ್ಥಿಸಬೇಕಾಗುತ್ತದೆ. ಲೋಕಲ್ ರೈಲಿನಲ್ಲಿ ನಿಂತು ಜಪಸರ ಮಾಡಿ ರೂಢಿಯಾದ ನಮಗೆ ಆ ಗಂಟೆ ಬೆಟ್ಟದಷ್ಟು ದೊಡ್ಡದು. ಆದ್ದರಿಂದ ಮೊದಲ ಐದು ದಿನ ಇಪ್ಪತ್ತು ನಿಮಿಷ, ಮುಂದಿನ ಐದು ದಿನ ನಲವತ್ತು, ಕೊನೆಯ ಐದು ದಿನ ಪೂರ್ತಿ ಒಂದು ಗಂಟೆ, ಮನೆಯಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕುಳಿತುಕೊಳ್ಳಿ. ಒಂದು ಕೋಣೆಯ ಮನೆಯಾದರೆ ಇತರರು ಏಳುವ ಮೊದಲಿನ ಹೊತ್ತೇ ಸರಿ. ಮಲಗುವಾಗ, ಒಂದು ನಮೋ ಮರಿಯ ಪ್ರಾರ್ಥನೆ ಹೇಳುವಷ್ಟು ಹೊತ್ತು, ಬೆಳಿಗ್ಗೆ ಎಷ್ಟು ಗಂಟೆಗೆ, ಯಾವುದಕ್ಕಾಗಿ ಏಳಬೇಕೆಂಬುದನ್ನು ನೆನೆಯಿರಿ. ಕೂರುವ ಮುನ್ನ ಆ ಜಾಗಕ್ಕೆ ಒಂದೆರಡು ಹೆಜ್ಜೆ ಈಚೆ, ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳುವಷ್ಟು ಹೊತ್ತು ನಿಂತು, ದೇವರು ನಿಮ್ಮನ್ನು ನೋಡುತ್ತಿರುವ ಬಗೆಯನ್ನು ಮನಸ್ಸಿಗೆ ತಂದುಕೊಳ್ಳಿ. ಎರಡೂ ಇಗ್ನೇಷಿಯಸರೇ ಕೊಟ್ಟ ಸೂಚನೆಗಳು. ಅವಸರದ ಮನಸ್ಸನ್ನು ಇಷ್ಟು ಬೇಗ ತಗ್ಗಿಸುವ ಬೇರೆ ಉಪಾಯವನ್ನು ನಾನು ಕಂಡಿಲ್ಲ.

ಯೇಸುವಿನ ಜೀವನ ಹೇಳುವ ಶುಭಸಂದೇಶದ ಹತ್ತು ವಚನಗಳಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಮನಸ್ಸು ಅಲೆದರೆ ಮರಳಿ ಕರೆತನ್ನಿ. ಬೇಸರವೆನಿಸಿದ ದಿನ ಐದು ನಿಮಿಷ ಮುಂಚೆ ಏಳುವ ಆಸೆಯಾಗುತ್ತದೆ. ಅಂಥ ದಿನ ಗಂಟೆಗಿಂತ ಸ್ವಲ್ಪ ಹೆಚ್ಚೇ ಕೂರಬೇಕು. ಎದ್ದ ಮೇಲೆ ಕಾಲುಗಂಟೆ, ಯಾವ ಮಾತು ತಟ್ಟಿತು, ಎಲ್ಲಿ ಮನಸ್ಸು ಒಣಗಿತು ಎಂಬುದನ್ನು ಮೂರು ಸಾಲಿನಲ್ಲಿ ಬರೆದಿಡಿ. ಮುಂದೆ ಮಾರ್ಗದರ್ಶಕರು ಪ್ರತಿದಿನ ಕೇಳುವುದು ಇದನ್ನೇ.

ಮೊಬೈಲನ್ನು ಕೂಡ ಈ ದಿನಗಳಲ್ಲೇ ಬಿಡುತ್ತ ಬರಬೇಕು. ಮೊದಲ ವಾರ ರಾತ್ರಿ ಎಂಟರ ಮೇಲೆ, ಎರಡನೆಯ ವಾರ ಕಚೇರಿಯಿಂದ ಬಂದ ಮೇಲೆ ಮುಟ್ಟಬೇಡಿ. ಮನೆಯ ಒಬ್ಬರ ಬಳಿ ಮಾತ್ರ ಕೇಂದ್ರದ ಕಚೇರಿಯ ದೂರವಾಣಿ ಸಂಖ್ಯೆ ಇರಲಿ, ಯಾವ ಸಂದರ್ಭಕ್ಕೆ ಕರೆಯಬೇಕೆಂದು ಅವರೊಂದಿಗೆ ಕುಳಿತು ತೀರ್ಮಾನಿಸಿ. 'ತುರ್ತಿಗಷ್ಟೇ' ಎಂದು ಮೊಬೈಲನ್ನು ಕೋಣೆಯಲ್ಲಿಟ್ಟುಕೊಂಡವರ ಮೌನ ಎರಡು ದಿನ ಬಾಳಿದ್ದನ್ನೂ ನಾನು ನೋಡಿಲ್ಲ. ಧ್ಯಾನ ಕಲಿಸುವ ಆ್ಯಪ್‌ಗಳನ್ನು ನಂಬಬೇಡಿ; ಅವು ಕಿವಿಗೆ ಇನ್ನೊಂದು ಧ್ವನಿಯ ಚಟ ಹತ್ತಿಸುತ್ತವೆ.

ಚೀಲ ಕಟ್ಟುವುದು ಅರ್ಧ ಗಂಟೆಯ ಕೆಲಸ. ಹತ್ತಿ ಬಟ್ಟೆ, ಔಷಧಿ, ಟಾರ್ಚ್, ಕೊಡೆ, ಸದ್ದು ಮಾಡದ ಚಪ್ಪಲಿ, ಉಕ್ಕಿನ ನೀರಿನ ಬಾಟಲಿ. ಚರಪರ ಎನ್ನುವ ಮಳೆಯಂಗಿಯೂ ಪ್ಲಾಸ್ಟಿಕ್ ತಿಂಡಿ ಪೊಟ್ಟಣಗಳೂ ಪಕ್ಕದ ಕೋಣೆಯವರ ಶಾಂತಿಯನ್ನೂ ಕೆಡಿಸುತ್ತವೆ. ಪ್ರತಿ ಪುಟದಲ್ಲೂ ಪ್ರಶ್ನೆ ಅಚ್ಚಾಗಿರುವ ದುಬಾರಿ ಡೈರಿಗಿಂತ ಇನ್ನೂರು ಪುಟದ ನೋಟ್‌ಬುಕ್ ಉತ್ತಮ. ಪುಸ್ತಕಗಳನ್ನು ಒಯ್ಯಲೇಬೇಡಿ, ಕನ್ನಡ ಬೈಬಲ್ ಒಂದನ್ನು ಬಿಟ್ಟು. ಅದು 73 ಪುಸ್ತಕಗಳಿರುವ ಕಥೋಲಿಕ ಆವೃತ್ತಿಯೇ ಆಗಿರಲಿ. 66 ಪುಸ್ತಕಗಳ ಆವೃತ್ತಿ ಹಿಡಿದು ಹೋದರೆ, ಮಾರ್ಗದರ್ಶಕರು ಅದರಲ್ಲಿಲ್ಲದ ಜ್ಞಾನಗ್ರಂಥದಿಂದ ಓದಲು ಹೇಳಿದಾಗ ಪುಟ ಹುಡುಕುತ್ತ ಕೂರಬೇಕಾದೀತು. ಅವರೊಂದಿಗೆ ಮಾತು ಇಂಗ್ಲಿಷಿನಲ್ಲೋ ಕೊಂಕಣಿಯಲ್ಲೋ ನಡೆಯಲಿ, ಪ್ರಾರ್ಥನೆ ಮಾತ್ರ ತಾಯಿನುಡಿಯಲ್ಲೇ ಆಗಬೇಕು.

ಬಾಗಾಕ್ಕೆ ರೈಲಿನಲ್ಲಿ ಹೋಗುವವರು ಮಾಪುಸಾಕ್ಕೆ ಸಮೀಪದ ಥಿವಿಂ ನಿಲ್ದಾಣದಲ್ಲಿ ಇಳಿಯಬೇಕು. ಮಡಗಾಂವ್‌ವರೆಗೆ ಹೋದರೆ ಅಷ್ಟೂ ದೂರ ಉತ್ತರಕ್ಕೆ ಮರಳಬೇಕಾಗುತ್ತದೆ. ಮಧ್ಯಾಹ್ನದೊಳಗೆ ತಲುಪಿ, ಸ್ನಾನ ಮಾಡಿ, ನಿದ್ರೆ ಮಾಡಿ. ಮೊದಲ ದಿನ ಬರುವ ಅಪಾರ ನಿದ್ರೆ ದಣಿದ ದೇಹದ್ದು, ಅದಕ್ಕೆ ಅಪರಾಧಭಾವ ಬೇಡ. ಎರಡನೆಯ, ಮೂರನೆಯ ದಿನ ಮನೆ, ಸಾಲ, ಹಳೆಯ ಜಗಳ ಎಲ್ಲವೂ ಒಟ್ಟಿಗೇ ನುಗ್ಗಿ ಬಂದು, ಹೊರಟುಬಿಡೋಣ ಎನಿಸುತ್ತದೆ. ಮನಸ್ಸು ಕತ್ತಲಲ್ಲಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂಬುದು ಇಗ್ನೇಷಿಯಸರ ನಿಯಮ. ಆ ಸಂಜೆ ಚೀಲ ಮುಟ್ಟದೆ, ಮಾರ್ಗದರ್ಶಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿ.

ಮರಳುವ ಟಿಕೆಟನ್ನು ಶುಕ್ರವಾರಕ್ಕೋ ಶನಿವಾರಕ್ಕೋ ಮಾಡಿಸಿ, ಕಚೇರಿಗೆ ಹೋಗುವ ಮುನ್ನ ಒಂದು ಪೂರ್ಣ ದಿನ ಮನೆಯಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಮೊಬೈಲನ್ನು ಆ ದಿನದ ಸಂಜೆಯವರೆಗೆ ತೆರೆಯಬೇಡಿ.