ಬ್ಯಾಕಿಂಗ್ ಫೈಲ್‌ನ ದಾರಿ ಎಲ್ಲಿಂದ ಶುರು?

ನಮ್ಮ ಟೀಮಿನಲ್ಲಿ ವರ್ಚುವಲ್ ಮಷೀನ್‌ಗಳಿಗೆ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಕ್ಯೂಎಮು ಅನ್ನುವ ಸಾಫ್ಟ್‌ವೇರ್ ಬಳಸುತ್ತೇವೆ. ಎಲ್ಲರಿಗೂ ಸೇರಿ ಒಂದು ಮೂಲ ಇಮೇಜ್, ಅಂದರೆ ಮಷೀನಿಗೆ ಡಿಸ್ಕ್ ಆಗುವ ಫೈಲ್. ಅದರ ಮೇಲೆ ಒಬ್ಬೊಬ್ಬರಿಗೂ ಓವರ್‌ಲೇ ಅನ್ನುವ ಇನ್ನೊಂದು ಫೈಲ್. ಬದಲಾದದ್ದು ಮಾತ್ರ ಓವರ್‌ಲೇಗೆ ಹೋಗುತ್ತದೆ, ಮಿಕ್ಕಿದ್ದನ್ನು ಮೂಲದಿಂದ ಓದಿಕೊಳ್ಳುತ್ತದೆ. ಆ ಮೂಲವೇ ಓವರ್‌ಲೇಯ ಬ್ಯಾಕಿಂಗ್ ಫೈಲ್, ಅದು ಎಲ್ಲಿದೆ ಅನ್ನುವ ದಾರಿಯನ್ನು (ಪಾತ್) ಓವರ್‌ಲೇ ಮಾಡುವಾಗ ಕೊಡಬೇಕು. ಹೊಸಬರು ಬಂದಾಗಲೆಲ್ಲ ಒಂದೇ ಪ್ರಶ್ನೆ: "ಫೈಲ್ ಕಣ್ಣೆದುರೇ ಇದೆ, ಆದ್ರೂ ಇಲ್ಲ ಅಂತಿದೆಯಲ್ಲ?" ಅವರಿಗಾಗಿ ಒಂದು ಟಿಪ್ಪಣಿ ಬರೆಯಲು ಕೂತೆ.

ಮ್ಯಾನುಯಲ್‌ನಲ್ಲಿ ಇದಕ್ಕೆ ಉತ್ತರ ಇದೆ, ಒಂದೇ ವಾಕ್ಯದಲ್ಲಿ. ಓದುವಾಗ ಅರ್ಥವಾಗುತ್ತದೆ, ಕಮಾಂಡ್ ಹೊಡೆಯುವಾಗ ನೆನಪಿಗೆ ಬರುವುದಿಲ್ಲ. ಅದಕ್ಕೇ ವಿವರಣೆ ಆಮೇಲಿರಲಿ, ಮೊದಲು ಮಾಡಿ ನೋಡೋಣ ಅಂದುಕೊಂಡೆ.

'ಲ್ಯಾಬ್' ಅಂತ ಒಂದು ಫೋಲ್ಡರ್ ಮಾಡಿದೆ. ಒಳಗೆ 'ಮೂಲ', 'ಪದರ' ಅಂತ ಎರಡು. 'ಮೂಲ'ದಲ್ಲಿ 64 ಎಂಬಿಯ ಖಾಲಿ ಇಮೇಜ್, ಹೆಸರು 'ಡೆಬಿಯನ್'. ದಾರಿ ಪರೀಕ್ಷೆಗೆ ಡಿಸ್ಕಿನಲ್ಲಿ ಏನೂ ಇರಬೇಕಿಲ್ಲ. ಲ್ಯಾಬ್‌ನಲ್ಲೇ ನಿಂತು ಕ್ರಿಯೇಟ್ ಕಮಾಂಡ್ ಕೊಟ್ಟೆ. ಬ್ಯಾಕಿಂಗ್ ಫೈಲ್ 'ಮೂಲ/ಡೆಬಿಯನ್', ಹೊಸ ಓವರ್‌ಲೇ 'ಪದರ/ಒಂದು'. ಎರರ್ ಬಂತು: 'ಪದರ/ಮೂಲ/ಡೆಬಿಯನ್' ಸಿಗಲಿಲ್ಲ. ಆ ಜೋಡಿಸಿದ ದಾರಿಯಲ್ಲೇ ಇಡೀ ನಿಯಮ ಇದೆ, ಅಲ್ವಾ? ಬ್ಯಾಕಿಂಗ್ ಫೈಲ್‌ನ ದಾರಿ ಶುರುವಾಗುವುದು ಓವರ್‌ಲೇ ಇರುವ ಫೋಲ್ಡರ್‌ನಿಂದ, ನಾವು ನಿಂತ ಜಾಗದಿಂದಲ್ಲ. '../ಮೂಲ/ಡೆಬಿಯನ್' ಅಂತ ಕೊಟ್ಟರೆ ಸರಿಹೋಗುತ್ತದೆ ('..' ಅಂದರೆ ಒಂದು ಫೋಲ್ಡರ್ ಮೇಲಕ್ಕೆ).

ತಲೆ ಕೆಡಿಸುವುದು ಇದೇ. ಕಮಾಂಡ್ ಒಂದೇ, ದಾರಿ ಎರಡು. ಓವರ್‌ಲೇಯದು ನಾವು ನಿಂತಲ್ಲಿಂದ, ಬ್ಯಾಕಿಂಗ್ ಫೈಲ್‌ನದು ಓವರ್‌ಲೇಯಿಂದ. ಸಾಲದ್ದಕ್ಕೆ ಹೆಸರು ತಾನೇ ತುಂಬಲಿ ಅಂತ ಟ್ಯಾಬ್ ಒತ್ತಿದರೆ ಶೆಲ್ (ನಮ್ಮ ಕಮಾಂಡ್ ಓದುವ ಪ್ರೋಗ್ರಾಂ) ತುಂಬುವುದು ನಿಂತಲ್ಲಿಂದ ಹೋಗುವ ದಾರಿಯನ್ನೇ. ಟಿಪ್ಪಣಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿದೆ: ಬ್ಯಾಕಿಂಗ್ ಫೈಲ್‌ಗೆ ಟ್ಯಾಬ್ ನಂಬಬೇಡಿ. ಇಲ್ಲವೇ ಮೊದಲು 'ಪದರ'ದ ಒಳಗೆ ಹೋಗಿ, ಅಲ್ಲಿಂದ ಕಮಾಂಡ್ ಕೊಡಿ. ಆಗ ಎರಡೂ ದಾರಿ ಒಂದೇ ಕಡೆಯಿಂದ ಹೊರಡುತ್ತವೆ.

ನಾವು ಟೈಪ್ ಮಾಡಿದ ದಾರಿ ಇದ್ದ ಹಾಗೇ ಓವರ್‌ಲೇಯ ಕ್ಯೂಕೌ2 (ಕ್ಯೂಎಮುನ ಇಮೇಜ್ ಫಾರ್ಮ್ಯಾಟ್) ಫೈಲ್‌ನಲ್ಲಿ ಸೇರಿಕೊಳ್ಳುತ್ತದೆ. ಅದು ಎಲ್ಲಿದೆ, ಎಷ್ಟು ಉದ್ದ ಅನ್ನುವುದು ಫೈಲ್‌ನ ಆರಂಭದ ಹೆಡರ್‌ನಲ್ಲಿರುತ್ತದೆ. ಮಿತಿ 1023 ಬೈಟ್. ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರು ಗಮನಿಸಿ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು, ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. ಮಿತಿ ದಾಟುವಷ್ಟು ಉದ್ದದ ದಾರಿ ಯಾರೂ ಇಡುವುದಿಲ್ಲ ಬಿಡಿ. ಇನ್ಫೋ ಕಮಾಂಡ್ ಕೊಟ್ಟರೆ ಬರೆದಿಟ್ಟ ದಾರಿಯೂ ಪಕ್ಕದಲ್ಲೇ ಅದು ನಿಜಕ್ಕೂ ಹೋಗಿ ಮುಟ್ಟುವ ದಾರಿಯೂ ಕಾಣುತ್ತವೆ.

ಮುಂದೆ ಜಾಗ ಬದಲಿಸಿ ನೋಡಿದೆ. ಇಡೀ ಲ್ಯಾಬ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿದರೂ ಓವರ್‌ಲೇ ತೆರೆಯಿತು. ಬುಡದ ಫೋಲ್ಡರ್‌ನಿಂದಲೇ ಶುರುವಾಗುವ ಪೂರ್ತಿ ದಾರಿ ಬರೆದಿದ್ದರೆ ಇಲ್ಲೇ ಕೈಕೊಡುತ್ತಿತ್ತು. ಓವರ್‌ಲೇ ಒಂದನ್ನೇ ಎತ್ತಿ ಬೇರೆಡೆ ಇಟ್ಟರೆ ಮಾತ್ರ ಮೂಲ ಸಿಗುವುದಿಲ್ಲ. ಸಿಮ್‌ಲಿಂಕ್‌ದು (ಇನ್ನೊಂದು ಫೈಲ್‌ಗೆ ಕೈತೋರಿಸುವ ಹೆಸರು) ಬೇರೆಯೇ ಕಥೆ. ಬೇರೆ ಫೋಲ್ಡರ್‌ನಲ್ಲಿರುವ ಸಿಮ್‌ಲಿಂಕ್ ಮೂಲಕ ಓವರ್‌ಲೇ ತೆರೆದರೆ ಕ್ಯೂಎಮು ಹುಡುಕುವುದು ಲಿಂಕ್ ಇರುವ ಫೋಲ್ಡರ್‌ನಿಂದ, ಅಸಲಿ ಫೈಲ್ ಇರುವ ಕಡೆಯಿಂದಲ್ಲ.

ಎಲ್ಲ ಫಾರ್ಮ್ಯಾಟ್‌ಗಳೂ ಹೀಗಿಲ್ಲ. ಮೈಕ್ರೋಸಾಫ್ಟ್‌ನ ವಿಎಚ್‌ಡಿ ಡಿಸ್ಕ್ ಫಾರ್ಮ್ಯಾಟ್‌ನಲ್ಲಿ ಸಾಪೇಕ್ಷ ದಾರಿ (ಫೈಲ್ ಇರುವ ಕಡೆಯಿಂದ ಹೋಗುವುದು), ಪೂರ್ತಿ ದಾರಿ ಎರಡನ್ನೂ ಬರೆದಿಡಲು ಜಾಗವಿದೆ. ನಮ್ಮಲ್ಲಿ ಅದರ ಬಳಕೆ ಕಡಿಮೆ, ಒಂದು ಸಾಲಿಗೆ ಮುಗಿಸಿದೆ.

ದಾರಿ ತಪ್ಪಿದ ಓವರ್‌ಲೇ ಸರಿಪಡಿಸಲು ರಿಬೇಸ್ ಕಮಾಂಡ್ ಇದೆ. ಅಲ್ಲೂ ಹೊಸ ದಾರಿಯನ್ನು ಓವರ್‌ಲೇ ಇರುವ ಫೋಲ್ಡರ್‌ನಿಂದಲೇ ಕೊಡಬೇಕು. ಅದರ 'ಅನ್‌ಸೇಫ್' ಆಯ್ಕೆ ಡೇಟಾ ಮುಟ್ಟುವುದಿಲ್ಲ, ಬ್ಯಾಕಿಂಗ್ ಫೈಲ್‌ನ ಹೆಸರನ್ನಷ್ಟೇ ತಿದ್ದುತ್ತದೆ. ಮೂಲ ಇಮೇಜ್ ಅದೇ ಆಗಿದ್ದು ಜಾಗ ಮಾತ್ರ ಬದಲಾಗಿದ್ದರೆ ಇದು ಸಾಕು. ಬೇರೆ ಇಮೇಜಿನ ದಾರಿ ಕೊಟ್ಟರೂ ಕೊಟ್ಟ ತಕ್ಷಣ ಏನೂ ಹೇಳುವುದಿಲ್ಲ, ಮಷೀನ್ ಏಳಿಸಿದಾಗ ಒಳಗಿನ ಫೈಲ್‌ಗಳು ಹಾಳಾಗಿ ಕಾಣುತ್ತವೆ. ಹಾಗಾಗಿ ಆ ಕಮಾಂಡಿನ ಮೇಲೆಯೇ ಬರೆದೆ: ಮೊದಲು ಓವರ್‌ಲೇಯ ಕಾಪಿ ತೆಗೆದಿಟ್ಟುಕೊಳ್ಳಿ, ಜೊತೆಗೆ ಮೂಲದ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸುವ ಲೆಕ್ಕದ ಗುರುತು) ಹಳೆಯದಕ್ಕೆ ತಾಳೆಯಾಗುತ್ತದಾ ನೋಡಿ.