ಕೆಲಸದಲ್ಲಿ ಪೆಟ್ಟಾಯಿತೇ? ಬಾಂಡ್ ಪೇಪರಿಗೆ ಸಹಿ ಹಾಕುವ ಮೊದಲು ಓದಿ

ಸೆಂಟ್ರಿಂಗ್ ಕುಸಿದು ಗಾರೆ ಕೆಲಸದವರು ತೀರಿಕೊಂಡರೆ, ಕಾರ್ಯ ಮುಗಿಯುವ ಮೊದಲೇ ಗುತ್ತಿಗೆದಾರರ ಕಡೆಯವರು ಮನೆಗೆ ಬರುತ್ತಾರೆ. ಕೈಗೊಂದಿಷ್ಟು ನೋಟು, ಜೊತೆಗೆ ‘ಇನ್ನೇನೂ ಬರಬೇಕಾದ್ದಿಲ್ಲ’ ಎಂಬ ಬಾಂಡ್ ಪೇಪರು. ಸಹಿ ಹಾಕಬೇಡಿ. ಸಾವಿನ ಪರಿಹಾರವನ್ನು ಮಾಲೀಕರು ಕಾರ್ಮಿಕ ಇಲಾಖೆಯ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆಗೆ ತಂದುಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರ ಪಡೆಯುವ ದಾರಿ ಮಾತ್ರ ಹೆಚ್ಚುಕಡಿಮೆ ಹಿಂದಿನದೇ.

ಮೊದಲು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯಾ ನೋಡಿ

ಇದ್ದರೆ ಇಎಸ್‌ಐ ಕಚೇರಿಗೇ ಹೋಗಬೇಕು, ಮಾಲೀಕರ ಮೇಲೆ ಪರಿಹಾರದ ಅರ್ಜಿ ನಿಲ್ಲುವುದಿಲ್ಲ. ಇಲ್ಲದವರು ಮುಂದೆ ಓದಿ.

ಆಸ್ಪತ್ರೆ ಚೀಟಿ ಓದಿ ನೋಡಿ

ಕೇಸು ಗೆಲ್ಲುವುದೂ ಸೋಲುವುದೂ ಬಹುಪಾಲು ಇಲ್ಲೇ. ಜೊತೆಗೆ ಬಂದ ಸೂಪರ್‌ವೈಸರ್ ‘ಮನೆಯಲ್ಲಿ ಜಾರಿಬಿದ್ದರು’ ಎಂದು ಬರೆಸುವುದು ಹಳೆಯ ಚಾಳಿ. ಎಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಹೊತ್ತಿಗೆ ಪೆಟ್ಟಾಯಿತು ಎಂಬುದು ದಾಖಲಾಗಲೇಬೇಕು. ಮಾಲೀಕರಿಗೆ ಬರಹದಲ್ಲೇ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೂಲಿ ಬಂದ ಬ್ಯಾಂಕ್ ಮೆಸೇಜು, ಹಾಜರಿ ಪುಸ್ತಕದ ಫೋಟೊ, ನೋಡಿದವರ ಫೋನ್ ನಂಬರ್ ಎಲ್ಲವೂ ಬೇಕಾಗುತ್ತದೆ.

‘ಹೆಲ್ಮೆಟ್ ಹಾಕಿರಲಿಲ್ಲ, ಅವರದೇ ತಪ್ಪು’ ಎನ್ನುತ್ತಾರಾ? ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಈ ವಾದ ನಡೆಯುವುದಿಲ್ಲ.

ಲೆಕ್ಕ ಹಾಕಿಕೊಳ್ಳಿ

ಸಾವಾದರೆ ತಿಂಗಳ ಸಂಬಳದ ಅರ್ಧವನ್ನು, ಆಯಾ ವಯಸ್ಸಿಗೆ ಕಾನೂನಿನಲ್ಲಿ ಕೊಟ್ಟಿರುವ ಅಂಕಿಯಿಂದ ಗುಣಿಸುತ್ತಾರೆ. 30 ವರ್ಷಕ್ಕೆ ಆ ಅಂಕಿ 207.98. ಸಂಬಳ 15,000 ರೂಪಾಯಿ ಇದ್ದರೆ 7,500ರ ಲೆಕ್ಕದಲ್ಲಿ 15,59,850 ರೂಪಾಯಿ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಅರ್ಧದ ಬದಲು ಶೇ 60. ಬೆರಳೋ ಕಣ್ಣೋ ಹೋದರೆ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯಿತು ಎಂಬುದರ ಮೇಲೆ.

ತಕರಾರು ಇರುವುದು ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಗರಿಷ್ಠ ಮಿತಿಯಲ್ಲಿ. 2020ರಲ್ಲಿ ಅದನ್ನು 8,000ದಿಂದ 15,000ಕ್ಕೆ ಏರಿಸಿದರು. ತಿಂಗಳಿಗೆ 25,000 ದುಡಿಯುವವರಿಗೂ ಇದೇ ಮಿತಿ ಅಂದರೆ ಯಾವ ನ್ಯಾಯ? ಅರ್ಜಿ ಹಾಕುವಾಗ ಹೊಸ ಮಿತಿ ಬಂದಿದೆಯಾ ಕೇಳಿಕೊಳ್ಳಿ.

ಅರ್ಜಿ ಯಾರ ಮೇಲೆ?

ಎರಡು ವರ್ಷದೊಳಗೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಗುತ್ತಿಗೆ ಕೆಲಸವಾದರೆ ಗುತ್ತಿಗೆದಾರರ ಜೊತೆ ಅವರಿಗೆ ಕೆಲಸ ಒಪ್ಪಿಸಿದ ಮೂಲ ಮಾಲೀಕರ ಹೆಸರನ್ನೂ ಸೇರಿಸಿ, ಇದನ್ನು ಮರೆಯುವವರೇ ಜಾಸ್ತಿ. ಸುಮ್ನೆ ಸತಾಯಿಸುವ ಮಾಲೀಕರಿಗೆ ಬಡ್ಡಿಯ ಜೊತೆ ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದು.

ಕೆಲಸಕ್ಕೆ ಹೋಗುವಾಗಲೋ ಬರುವಾಗಲೋ ದಾರಿಯಲ್ಲಿ ಅಪಘಾತವಾದರೆ? ಕೆಲಸಕ್ಕೂ ಆ ಪ್ರಯಾಣಕ್ಕೂ ನಂಟು ತೋರಿಸಿದರೆ ಪರಿಹಾರ ಕೇಳಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಪ್ರಕರಣದಲ್ಲಿ ಇದನ್ನೇ ಹೇಳಿತು, ಹೊಸ ಸಂಹಿತೆಯಲ್ಲೂ ಇದು ಸೇರಿದೆ. ಹಾಗಾಗಿ ಪಾಳಿ ಎಷ್ಟು ಗಂಟೆಗೆ, ಹೋಗುತ್ತಿದ್ದ ದಾರಿ ಯಾವುದು ಎಂಬೆರಡನ್ನೂ ಅರ್ಜಿಯಲ್ಲಿ ಬರೆಯಿರಿ.