ಕಾಪಿರೈಟ್ ನೋಟಿಸ್ ಬಂತೇ? ಹುಡುಗರನ್ನು ಬೈಯುವ ಮೊದಲು ಗಡಿಯಾರ ನೋಡಿ

ಕಲಬುರಗಿಯ ಸೇಡಂ ರಸ್ತೆ ಕಡೆ ರೂಮು ಬಾಡಿಗೆಗೆ ಕೊಡುವವರು ಈಗ ನೀರು, ಕರೆಂಟಿನ ಜೊತೆ ವೈಫೈಯನ್ನೂ ಬಾಡಿಗೆಯಲ್ಲೇ ಸೇರಿಸುತ್ತಾರೆ. ಕನೆಕ್ಷನ್ ಮಾಲೀಕರ ಹೆಸರಲ್ಲಿ, ಬಳಸುವವರು ಎಂಟು ಹುಡುಗರು. ಒಬ್ಬ ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿದರೂ ನೋಟಿಸ್ ಬರುವುದು ಮಾಲೀಕರಿಗೆ. ಟೊರೆಂಟ್ ಇಳಿಸುವಾಗಲೇ ಬೇರೆಯವರಿಗೂ ಹಂಚುತ್ತದೆ, ಸಿಕ್ಕಿಬೀಳುವುದು ಅಲ್ಲೇ.

ಮೊದಲು ನೋಟಿಸ್ ಅಸಲಿಯೇ ನೋಡಿ. ಕ್ಯೂಆರ್ ಕೋಡ್ ಕಳಿಸಿ ದಂಡ ಕಟ್ಟಿ ಎಂದರೆ ಅದು ಮೋಸ. ಇಂಟರ್‌ನೆಟ್ ಕಂಪನಿಯ ಬಿಲ್‌ನಲ್ಲಿರುವ ನಂಬರಿಗೇ ಫೋನ್ ಮಾಡಿ ಕೇಳಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ, ಸಮಯ ಓದುವುದರಲ್ಲಿ. ನನಗೆ ಪರಿಚಯದ ಮನೆಯೊಂದಕ್ಕೆ ಬಂದ ನೋಟಿಸಿನಲ್ಲಿ '14ನೇ ತಾರೀಖು, 18:50 ಯುಟಿಸಿ' ಎಂದಿತ್ತು. ಯುಟಿಸಿ ಎಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಮಾಲೀಕರು ಅದನ್ನು ನಮ್ಮ ಸಮಯವೆಂದೇ ಓದಿದರು. ಸಂಜೆ ಏಳಕ್ಕೆ ಹತ್ತು ನಿಮಿಷ ಇದ್ದಾಗ ರೂಮಿನಲ್ಲಿದ್ದವನು ಒಬ್ಬನೇ, ಉಳಿದವರು ಕೋಚಿಂಗ್‌ಗೆ ಹೋಗಿದ್ದರು. ಮಾಲೀಕರು ಅವನನ್ನೇ ಖಾಲಿ ಮಾಡಿಸಿದರು. ಯುಟಿಸಿಗೆ ಐದೂವರೆ ತಾಸು ಕೂಡಿಸಿದರೆ ನಮ್ಮ ಸಮಯ: 15ನೇ ತಾರೀಖು, ನಡುರಾತ್ರಿ 12:20. ಅಷ್ಟೊತ್ತಿಗೆ ಆ ಹುಡುಗ ಯಾದಗಿರಿಯ ತನ್ನ ಮನೆಯಲ್ಲಿ ಮಲಗಿದ್ದ. "ಕಾಕಾ, ನಾ ಅವತ್ತು ರಾತ್ರಿ ಇಲ್ಲೇ ಇದ್ದಿಲ್ರಿ" ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಯಿಲೆಕ್ಕ ಬೇಡ, ಹಾಳೆಯ ಮೇಲೆ ಕೂಡಿಸಿ. ತಾರೀಖು ಬದಲಾಗುತ್ತದೆಯೇ ನೋಡುವುದನ್ನು ಮರೆಯಬೇಡಿ.

ಆಮೇಲೆ ಪೋರ್ಟ್ ನಂಬರ್, ಎಂದರೆ ಒಂದೇ ಇಂಟರ್‌ನೆಟ್ ವಿಳಾಸ ಹಂಚಿಕೊಂಡ ಮನೆಗಳಲ್ಲಿ ಯಾವುದು ಎಂದು ಗುರುತಿಸಲು ನೆರವಾಗುವ ಅಂಕಿ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ಗೆ ಕಂಪನಿ ಕೊಟ್ಟ ವಿಳಾಸ) 10ರಿಂದ, ಇಲ್ಲವೇ 100.64ರಿಂದ 100.127ರ ನಡುವಿನ ಅಂಕಿಯಿಂದ ಶುರುವಾಗಿದ್ದರೆ, ಹೊರಗಿನ ಒಂದೇ ವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಪೋರ್ಟ್ ಇಲ್ಲದ ನೋಟಿಸ್ ನಿಮ್ಮದೋ ಪಕ್ಕದ ಓಣಿಯದೋ ಹೇಳುವುದು ಕಷ್ಟ. ಯಾವ ಆಧಾರದ ಮೇಲೆ ನಮ್ಮ ಕನೆಕ್ಷನ್ ಎಂದಿರಿ, ಬರೆದು ಕೊಡಿ ಎಂದು ಕೇಳಿ.

ರೂಟರ್ ಆರಿಸುವ ಮೊದಲೇ ಲಾಗ್ ಪುಟದ, ಎಂದರೆ ಯಾವ ಸಾಧನ ಯಾವಾಗ ಸೇರಿತು ಎಂಬ ದಾಖಲೆಯ, ಫೋಟೋ ತೆಗೆಯಿರಿ. ಅಗ್ಗದ ರೂಟರ್‌ಗಳು ಕರೆಂಟ್ ಹೋದರೆ ಎಲ್ಲ ಮರೆಯುತ್ತವೆ, ಕೆಲವು ಗಡಿಯಾರವನ್ನು 1970ಕ್ಕೇ ಒಯ್ಯುತ್ತವೆ. ಕನೆಕ್ಷನ್ ಜೊತೆ ಪುಕ್ಕಟೆ ಕೊಡುವ ಡಬ್ಬಿಯನ್ನು ನಾನಂತೂ ನಂಬುವುದಿಲ್ಲ. ಲಾಗ್‌ನಲ್ಲಿ ಕಂಡ ಸಾಧನದ ವಿಳಾಸವೂ ಪೂರ್ತಿ ಸಾಕ್ಷಿಯಲ್ಲ. ಈಗಿನ ಫೋನುಗಳು ಅದನ್ನು ಬದಲಿಸಿಕೊಳ್ಳುತ್ತವೆ.

"ವೈರು ಎಳೆದ ಕಂಪನಿದೇನೂ ತಪ್ಪಿಲ್ಲೇನ್ರೀ?" ಎನ್ನುತ್ತಾರೆ ಮಾಲೀಕರು. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಮಾಹಿತಿ ಸಾಗಿಸುವಾಗ ತಾಂತ್ರಿಕವಾಗಿ ಕ್ಷಣಹೊತ್ತು ಉಳಿಯುವ ಪ್ರತಿ ಉಲ್ಲಂಘನೆಯಲ್ಲ ಎನ್ನುತ್ತದೆ 52ನೇ ಕಲಂ. ಕೊಂಡಿ ಅಥವಾ ಪ್ರವೇಶ ಒದಗಿಸಲು ಹೀಗೇ ಉಳಿಯುವ ಪ್ರತಿಯ ಬಗ್ಗೆ ಹಕ್ಕುದಾರರು ಲಿಖಿತ ದೂರು ಕೊಟ್ಟರೆ, ಕಂಪನಿ ಅದಕ್ಕೆ 21 ದಿನ ಪ್ರವೇಶ ತಡೆಯಬೇಕು. ಅಷ್ಟರೊಳಗೆ ಕೋರ್ಟ್ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ಗ್ರಾಹಕರ ಕನೆಕ್ಷನ್ ಕಿತ್ತುಹಾಕಿ ಎಂದು ಅಲ್ಲಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಮಾತ್ರ 63ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಅದಕ್ಕೇ ಉತ್ತರದಲ್ಲಿ 'ನಮ್ಮ ಹುಡುಗರೇ ಮಾಡಿರಬೇಕು' ಎಂದು ಊಹಿಸಿ ಬರೆಯಬೇಡಿ. ಕೋರ್ಟಿನ ಕಾಗದವಾದರೆ ವಕೀಲರಿಗೆ ತೋರಿಸಿ.

ಇನ್ನು ಪಾಸ್‌ವರ್ಡ್. ರೂಮಿಗೊಂದು ಬೇರೆ ಇಡಿ, ಯಾರೇ ಖಾಲಿ ಮಾಡಿದರೂ ಅಂದೇ ಬದಲಿಸಿ. ಮನೆಯ ಫೋನ್ ನಂಬರನ್ನೇ ಇಟ್ಟವರ ವೈಫೈ ಕೆಳಗಿನ ಚಹಾದಂಗಡಿಯಲ್ಲೂ ನಡೆಯುತ್ತಿರುತ್ತದೆ.